ಆಗುಂಬೆ ರೈಡಿಗೆ ಒಂದು ಹಾಳೆ ಮಾಹಿತಿ

ಶಿವಮೊಗ್ಗದಿಂದ ಆಗುಂಬೆಗೆ ಸೈಕಲ್ ರೈಡ್ ಇದೆ ಅಂದ ತಕ್ಷಣ ಹೊರ ಊರಿನವರಿಂದ ಬರುವ ಮೊದಲ ಫೋನು ಹೀಗಿರುತ್ತದೆ: "ಸಾರ್, ಆ 14 ತಿರುವೂ ಹತ್ತಬೇಕಾ?" ಹತ್ತಬೇಕಿಲ್ಲ. ಶಿವಮೊಗ್ಗ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 570 ಮೀಟರ್ ಎತ್ತರದಲ್ಲಿದೆ, ಆಗುಂಬೆ 650ರ ಆಸುಪಾಸು. ನಮ್ಮ ಕಡೆಯಿಂದ ಹೋದವರಿಗೆ ಆಗುಂಬೆ ಅಂದರೆ ಘಾಟಿಯ ನೆತ್ತಿ. ತಿರುವುಗಳಿರುವುದು ಅಲ್ಲಿಂದಾಚೆ, ಸೋಮೇಶ್ವರಕ್ಕೆ ಇಳಿಯುವಾಗ. ಆಗುಂಬೆ ಪೇಟೆಯಲ್ಲೇ ತಿರುಗಿ ಬರುವ ರೈಡಿನಲ್ಲಿ ಒಂದು ತಿರುವೂ ಇಲ್ಲ. ಸೋಮೇಶ್ವರಕ್ಕೆ ಇಳಿದು ವಾಪಸ್ ಬರುವುದಾದರೆ ಅಷ್ಟನ್ನೂ ಹತ್ತಬೇಕು, ಅದೂ 100 ಕಿ.ಮೀ. ತುಳಿದು ಸೋತ ಕಾಲಿನಲ್ಲಿ. ಎರಡಕ್ಕೂ ಹೆಸರು "ಆಗುಂಬೆ ರೈಡ್" ಎಂದೇ. ತಿರುಗುವ ಜಾಗ ಯಾವುದು ಎಂಬ ಒಂದು ಸಾಲು ಪ್ರಕಟಣೆಯಲ್ಲಿ ಇಲ್ಲದಿದ್ದರೆ, ಬರಬಹುದಾದ ಹತ್ತು ಜನ ಹೆದರಿ ಬರುವುದಿಲ್ಲ. ಬರಬಾರದ ಇಬ್ಬರು ಧೈರ್ಯವಾಗಿ ಬಂದುಬಿಡುತ್ತಾರೆ.

ರೈಡ್ ಏರ್ಪಡಿಸುವ ಕೆಲಸದಲ್ಲಿ ನಮಗೆ ಹೆಚ್ಚು ತಲೆನೋವು ಕೊಟ್ಟಿದ್ದು ಸವಾರರಿಗೆ ಕೊಡುವ ಈ ಮಾಹಿತಿ ಹಾಳೆ ಬರೆಯುವುದೇ. ಎಷ್ಟು ಹೇಳಬೇಕು? 200, 300, 400, 600 ಕಿ.ಮೀ. ಬಿಆರ್‌ಎಂ (ಗೊತ್ತಾದ ಹೊತ್ತಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ರೈಡ್) ಮುಗಿಸಿದ ಹಳೇ ಸವಾರರಿಗೆ ಮೂರೇ ಸಾಕು: ದಾರಿಯ ನಕ್ಷೆ ಇರುವ ಜಿಪಿಎಕ್ಸ್ ಫೈಲು, ಹೊರಡುವ ಜಾಗ ಮತ್ತು ಹೊತ್ತು, ದಾರಿಯಲ್ಲಿ ಹಾಜರಿ ಹಾಕಿಸಬೇಕಾದ ಕಂಟ್ರೋಲ್‌ಗಳ ಪಟ್ಟಿ. ಅದಕ್ಕಿಂತ ಹೆಚ್ಚು ಬರೆದರೆ ಓದುವುದೂ ಇಲ್ಲ. ಮೊದಲ ಸಲ ಬರುವವರ ಪ್ರಶ್ನೆಗಳು ಬೇರೆ: ಟಾಯ್ಲೆಟ್ ಎಲ್ಲಿದೆ, ಗೇರ್ ಇಲ್ಲದ ಸೈಕಲ್ ನಡೆಯುತ್ತಾ, ಕೊನೆಯವಳಾಗಿ ಉಳಿದರೆ ಯಾರಾದರೂ ಜೊತೆಗಿರುತ್ತಾರಾ. ಇವರಿಬ್ಬರಿಗೂ ಒಂದೇ ಕಾಗದ ಕೊಡಲು ಹೊರಟರೆ ಅದು ಹತ್ತು ಪುಟವಾಗುತ್ತದೆ, ಮತ್ತು ಒಂಬತ್ತನೇ ಪುಟದಲ್ಲಿ ಬರೆದಿದ್ದನ್ನೇ ಕೇಳಲು ಹಿಂದಿನ ರಾತ್ರಿ ಫೋನು ಬರುತ್ತದೆ.

ಕೊನೆಗೆ ಒಂದು ಅಳತೆಗೋಲು ಇಟ್ಟುಕೊಂಡೆವು. ಬರುವುದೋ ಬಿಡುವುದೋ ಎಂಬ ತೀರ್ಮಾನವನ್ನು ಬದಲಿಸುವ ಸಂಗತಿ ಯಾವುದೇ ಇರಲಿ, ದುಡ್ಡು ಕಟ್ಟುವ ಮೊದಲೇ ತಿಳಿಯಬೇಕು, ಒಂದು ಹಾಳೆಯೊಳಗೆ. ಬರುವುದು ಖಾತ್ರಿಯಾದ ಮೇಲೆ ಬೇಕಾಗುವುದನ್ನು ರೈಡಿಗೆ ನಾಲ್ಕು ದಿನ ಮೊದಲು ಕೊಟ್ಟರೂ ನಡೆದೀತು. ಪಾರ್ಕಿಂಗ್ ಎಲ್ಲಿ ಎಂಬುದು ಎರಡನೇ ಗುಂಪಿನದು. ಕತ್ತಲಾದ ಮೇಲೂ ತುಳಿಯಬೇಕಾಗಬಹುದು ಎಂಬುದು ಮೊದಲನೆಯದು. ಹಲವು ಪ್ರಕಟಣೆಗಳಲ್ಲಿ ಇದು ತಲೆಕೆಳಗಾಗಿರುತ್ತದೆ. ಟೀ-ಶರ್ಟಿನ ಬಣ್ಣ, ಮೆಡಲ್ಲಿನ ಚಿತ್ರ ಮೇಲೆ ಇರುತ್ತವೆ; ಮುಗಿಸಲೇಬೇಕಾದ ಗಡುವಾದ ಕಟ್‌ಆಫ್ ಹೊತ್ತು ಎಲ್ಲೋ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ.

ಹಾಳೆ ಬರೆಯುವ ಮೊದಲು ದಾರಿ ನೋಡಿಕೊಂಡು ಬರಬೇಕು, ಸೈಕಲ್ಲಿನಲ್ಲೇ. ಕಾರಿನಲ್ಲಿ ಹೋದವರು "ರೋಡ್ ಚೆನ್ನಾಗಿದೆ" ಎಂದೇ ಬರೆಯುತ್ತಾರೆ, ಯಾಕೆಂದರೆ ಕಾರಿಗೆ ಚೆನ್ನಾಗಿಯೇ ಇರುತ್ತದೆ. 28 ಮಿ.ಮೀ. ಟೈರಿಗೆ ಕಷ್ಟವಾಗುವುದು ಡಾಂಬರಿನ ಅಂಚು ಒಡೆದು ಬಿದ್ದಿರುವ ಜಾಗ, ಬಣ್ಣ ಬಳಿಯದ ಹಂಪು, ತೇಪೆ ಹಾಕಿದ ಮೇಲೆ ಉಳಿದ ಪುಡಿಜಲ್ಲಿ. ಮರದ ನೆರಳು ಬಿದ್ದಲ್ಲಿ ಹೊಂಡ ಕಣ್ಣಿಗೆ ಕಾಣುವುದಿಲ್ಲ. ಗಾಜನೂರು ದಾಟಿ ಸಕ್ರೆಬೈಲು, ಮಂಡಗದ್ದೆಯ ಕಡೆಗೆ ಬೆಳಗಿನ ಬಿಸಿಲು ಮರಗಳ ನಡುವೆ ಪಟ್ಟೆಪಟ್ಟೆಯಾಗಿ ಬೀಳುವಾಗಲಂತೂ ಇದು ದೊಡ್ಡ ತೊಂದರೆ. ಕೊಯ್ಲಿನ ಕಾಲದಲ್ಲಿ ಒಳದಾರಿಗಳ ಮೇಲೆ ಭತ್ತದ ಹುಲ್ಲು ಹರಡಿರುತ್ತಾರೆ. ಹುಲ್ಲಿನ ಎಳೆ ಹಿಂದಿನ ಗಾಲಿಯ ಗೇರ್ ಚಕ್ರಗಳ ನಡುವೆ ಸುತ್ತಿಕೊಂಡರೆ ಚೈನ್ ಹಾರುತ್ತದೆ, ಬಲವಂತವಾಗಿ ತುಳಿದರೆ ಗೇರ್ ಬದಲಿಸುವ ಡೀರೈಲರನ್ನು ಫ್ರೇಮಿಗೆ ಹಿಡಿಸಿರುವ ಹ್ಯಾಂಗರ್ ಬಾಗುತ್ತದೆ. ಇಂಥ ಜಾಗಗಳನ್ನು "ಅಲ್ಲಲ್ಲಿ ಹಾಳಾಗಿದೆ" ಎಂದು ಬರೆದರೆ ಏನೂ ಬರೆಯದಂತೆಯೇ. ಎಷ್ಟನೇ ಕಿ.ಮೀ.ನಿಂದ ಎಷ್ಟನೇ ಕಿ.ಮೀ.ವರೆಗೆ, ಹೋಗುವಾಗಲೋ ಬರುವಾಗಲೋ, ಇಳಿಜಾರಿನಲ್ಲೋ ಸಮದಲ್ಲೋ, ಇಷ್ಟು ಬೇಕು. ಒಂದು ಸಲ ಮೂರು ವಾರ ಮೊದಲು, ಇನ್ನೊಂದು ಸಲ ರೈಡಿನ ವಾರದಲ್ಲಿ. ನಡುವೆ ಎಲ್ಲಾದರೂ ರಸ್ತೆ ಅಗೆದಿರುವುದು ಮಾಮೂಲು.

ದೂರದ ಲೆಕ್ಕ ಸುಲಭ. ಶಿವಮೊಗ್ಗದಿಂದ ತೀರ್ಥಹಳ್ಳಿ ಸುಮಾರು 62 ಕಿ.ಮೀ., ಅಲ್ಲಿಂದ ಆಗುಂಬೆ ಇನ್ನು 33. ಹೋಗಿ ಬಂದರೆ 190. ಇದನ್ನು 200ರ ಬಿಆರ್‌ಎಂ ಮಾಡಬೇಕಾದರೆ ಇನ್ನೊಂದು ಹತ್ತು ಕಿ.ಮೀ. ಎಲ್ಲಿಂದಾದರೂ ತರಬೇಕು. ಎಲ್ಲಿಂದ ತಂದಿದ್ದೇವೆ ಎಂಬುದನ್ನೂ ಹೇಳಬೇಕು. ಇಲ್ಲದಿದ್ದರೆ ಸುಸ್ತಾದವನು ಗೊತ್ತಿರುವ ನೇರ ದಾರಿ ಹಿಡಿದು ಊರು ಸೇರಿ, ಆಮೇಲೆ ಜಗಳಕ್ಕೆ ನಿಲ್ಲುತ್ತಾನೆ.

ಏರಿನ ಲೆಕ್ಕ ಹಾಗಲ್ಲ. ಶಿವಮೊಗ್ಗಕ್ಕೂ ಆಗುಂಬೆಗೂ ಎತ್ತರದ ಅಂತರ 100 ಮೀಟರ್ ಕೂಡ ಇಲ್ಲದಿದ್ದರೂ ದಾರಿಯುದ್ದಕ್ಕೂ ಏರು, ಇಳಿತ, ಮತ್ತೆ ಏರು. ಸಣ್ಣ ಸಣ್ಣ ಚಡಾವುಗಳೆಲ್ಲ ಕೂಡಿ ದೊಡ್ಡ ಮೊತ್ತವಾಗುತ್ತದೆ, ಆ ಮೊತ್ತ ಒಂದೊಂದು ಆ್ಯಪಿನಲ್ಲಿ ಒಂದೊಂದು ಥರ. ಕಾರಣ ಸರಳ. ಮಾರ್ಗ ಬಿಡಿಸುವ ಆ್ಯಪುಗಳು ಉಪಗ್ರಹ ಅಥವಾ ರೇಡಾರ್ ಅಳತೆಯ ಎತ್ತರದ ಚೌಕಟ್ಟುಗಳನ್ನು ಬಳಸುತ್ತವೆ. ಒಂದೊಂದು ಚೌಕ 30 ಮೀಟರ್, ಹಳೆಯವು 90 ಮೀಟರ್. ದಟ್ಟ ಕಾಡಿನಲ್ಲಿ ಆ ರೇಡಾರ್ ನೆಲವನ್ನು ಮುಟ್ಟುವುದಿಲ್ಲ, ಮರದ ತಲೆಯ ಹತ್ತಿರದ ಎತ್ತರವನ್ನೇ ಬರೆದುಕೊಳ್ಳುತ್ತದೆ. ಗುಡ್ಡದ ಪಕ್ಕೆಯನ್ನು ಕೊರೆದು ಮಾಡಿದ ರಸ್ತೆಯಲ್ಲಿ ಒಂದು ಬಿಂದು ರಸ್ತೆಯ ಮೇಲೆ ಬಿದ್ದರೆ ಮುಂದಿನದು ದರೆಯ ಮೇಲೆ ಬೀಳುತ್ತದೆ. ಹೀಗೆ ಇಲ್ಲದ ಏರುಗಳು ಹುಟ್ಟಿಕೊಳ್ಳುತ್ತವೆ. ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಸೈಕಲ್ ಕಂಪ್ಯೂಟರಿನಲ್ಲಿ ಯಾರಾದರೂ ನಿಜವಾಗಿ ತುಳಿದು ಬಂದ ಲೆಕ್ಕ ಇದ್ದರೆ ಅದನ್ನೇ ಕೊಡಿ, ಯಾವುದರಿಂದ ಬಂದ ಲೆಕ್ಕ ಎಂದೂ ಬರೆಯಿರಿ. ಮೊತ್ತಕ್ಕಿಂತ ಮುಖ್ಯವಾದದ್ದು, ಅತಿ ಉದ್ದದ ಏರು ಎಷ್ಟು, ಅತಿ ಕಡಿದಾದದ್ದು ಎಷ್ಟು, ಅವು ಎಷ್ಟನೇ ಕಿ.ಮೀ.ನಲ್ಲಿ ಬರುತ್ತವೆ ಎಂಬುದು. 1,000 ಮೀಟರ್ ಏರನ್ನು ಹತ್ತು ಹತ್ತು ಮೀಟರಿನ ನೂರು ದಿಬ್ಬಗಳಾಗಿ ಹತ್ತುವುದು ಒಂದು ರೈಡ್, 500 ಮೀಟರಿನ ಎರಡು ಘಾಟಿಗಳಾಗಿ ಹತ್ತುವುದು ಪೂರಾ ಬೇರೆ ರೈಡ್. ದಾರಿಯಲ್ಲಿ ಕುಂದಾದ್ರಿ ಬೆಟ್ಟವನ್ನು ಸೇರಿಸಿದರೆ ಒಟ್ಟು ಮೊತ್ತಕ್ಕೆ ಸೇರುವುದು ಸ್ವಲ್ಪವೇ, ಆದರೆ ಅರ್ಧ ಜನ ಇಳಿದು ತಳ್ಳುತ್ತಾರೆ.

ಇದರ ಬೆನ್ನಿಗೇ ಬರುವುದು ಗೇರಿನ ಪ್ರಶ್ನೆ. "ನನ್ನ ಸೈಕಲ್ಲಿಗೆ ಆಗುತ್ತಾ?" ಎಂದು ಕೇಳಿದವರಿಗೆ ನಾವು ತಿರುಗಿ ಕೇಳುವುದು ಹಲ್ಲುಗಳ ಲೆಕ್ಕ: ಪೆಡಲ್ಲಿನ ಹತ್ತಿರದ ಅತಿ ಸಣ್ಣ ಚಕ್ರಕ್ಕೆ ಎಷ್ಟು ಹಲ್ಲು, ಹಿಂದಿನ ಅತಿ ದೊಡ್ಡ ಚಕ್ರಕ್ಕೆ ಎಷ್ಟು? 34 ಮತ್ತು 32 ಇದ್ದರೆ ಒಂದು ಸುತ್ತು ತುಳಿದಾಗ ಸೈಕಲ್ 2.2 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 8 ಕಿ.ಮೀ. ವೇಗ, ಘಾಟಿಯಲ್ಲಿ ಕೂತೇ ಹತ್ತಬಹುದು. ಗೇರಿಲ್ಲದ ಸೈಕಲ್ಲಿನಲ್ಲಿ ಮುಂದೆ 44, ಹಿಂದೆ 18 ಇದ್ದರೆ ಒಂದು ಸುತ್ತಿಗೆ 5.4 ಮೀಟರ್. ಅದೇ 8 ಕಿ.ಮೀ. ವೇಗಕ್ಕೆ ನಿಮಿಷಕ್ಕೆ 25 ಸುತ್ತು ಮಾತ್ರ, ಆದರೆ ಪ್ರತಿ ಸುತ್ತಿಗೂ ಎರಡೂವರೆ ಪಟ್ಟು ಹೆಚ್ಚು ಒತ್ತಬೇಕು. ಆ ಒತ್ತಡವೆಲ್ಲ ಬೀಳುವುದು ಮಂಡಿಯ ಮೇಲೆ. ಹಾಳೆಯಲ್ಲಿ "ಎಲ್ಲ ಬಗೆಯ ಸೈಕಲ್‌ಗೂ ಸ್ವಾಗತ" ಎಂದು ಬರೆದು ಕೈತೊಳೆದುಕೊಳ್ಳುವುದಕ್ಕಿಂತ "ಆಗುಂಬೆಯಲ್ಲೇ ತಿರುಗುವವರಿಗೆ ಗೇರಿಲ್ಲದ ಸೈಕಲ್ ಕಷ್ಟ, ಆದರೆ ಸಾಧ್ಯ; ಸೋಮೇಶ್ವರಕ್ಕೆ ಇಳಿಯುವವರಿಗೆ ಬೇಡ" ಎಂದು ಬರೆಯುವುದು ವಾಸಿ.

ಇನ್ನು ಹೊತ್ತು. ಬಿಆರ್‌ಎಂ ನಿಯಮದಂತೆ 200 ಕಿ.ಮೀ.ಗೆ 13 ಗಂಟೆ 30 ನಿಮಿಷ. ಕಂಟ್ರೋಲ್ ಮುಚ್ಚುವ ಹೊತ್ತಿಗೆ ಗಂಟೆಗೆ 15 ಕಿ.ಮೀ., ತೆರೆಯುವ ಹೊತ್ತಿಗೆ 34 ಕಿ.ಮೀ. ವೇಗದ ಲೆಕ್ಕ. ಬೆಳಿಗ್ಗೆ 6ಕ್ಕೆ ಹೊರಟರೆ ತೀರ್ಥಹಳ್ಳಿಯ ಕಂಟ್ರೋಲ್ 10:08ಕ್ಕೆ ಮುಚ್ಚುತ್ತದೆ. ಆಗುಂಬೆಯದು 8:48ಕ್ಕೆ ತೆರೆದು 12:20ಕ್ಕೆ ಮುಚ್ಚುತ್ತದೆ. ಮುಗಿಸಬೇಕಾದದ್ದು ಸಂಜೆ 7:30ರೊಳಗೆ. ಸವಾರನಿಗೆ ಬೇಕಾಗಿರುವುದು ಸೂತ್ರವಲ್ಲ, ಈ ಗಡಿಯಾರದ ಹೊತ್ತು. ತೀರ್ಥಹಳ್ಳಿಯಲ್ಲಿ ಕಡುಬು ತಿನ್ನುತ್ತಾ ಅರ್ಧ ಗಂಟೆ ಕೂರಬಹುದೋ ಇಲ್ಲವೋ ಎಂದು ಅವನು ಲೆಕ್ಕ ಹಾಕುವುದು ಅದರಿಂದಲೇ. ಗಂಟೆಗೆ 15 ಅಂದರೆ ನಿಂತ ಹೊತ್ತೂ ಸೇರಿ ಎಂಬುದನ್ನು ಹೊಸಬರಿಗೆ ಬಿಡಿಸಿ ಹೇಳಬೇಕು. 18ರ ವೇಗದಲ್ಲಿ ತುಳಿಯುವವನು ತೀರ್ಥಹಳ್ಳಿ ಮುಟ್ಟಲು ಮೂರು ಗಂಟೆ ಇಪ್ಪತ್ತೇಳು ನಿಮಿಷ ಬೇಕು. ದಾರಿಯಲ್ಲಿ ಒಂದು ಪಂಕ್ಚರ್, ಒಂದು ಚಹಾ ಆಯಿತೆಂದರೆ ಕೈಯಲ್ಲಿ ಉಳಿಯುವುದು ಐದೋ ಹತ್ತೋ ನಿಮಿಷ.

ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 6:45ರ ಹೊತ್ತಿಗೆ, ಮುಳುಗುವುದು 6 ದಾಟಿ ಐದು ಹತ್ತು ನಿಮಿಷಕ್ಕೆ. ಅಂದರೆ ನಿಧಾನದವರಿಗೆ ಕೊನೆಯ ಒಂದು ಗಂಟೆಗೂ ಹೆಚ್ಚು ಕತ್ತಲು. ಮುಂದಿನ ದೀಪ, ಹಿಂದಿನ ಕೆಂಪು ದೀಪ, ಹೊಳೆಯುವ ಜಾಕೆಟ್ ಕಡ್ಡಾಯ ಎಂದಷ್ಟೇ ಬರೆದರೆ ಜನ ಮೊಬೈಲ್ ಟಾರ್ಚು ಕಟ್ಟಿಕೊಂಡು ಬರುತ್ತಾರೆ. ಯಾಕೆ, ಎಷ್ಟು ಹೊತ್ತಿಗೆ, ಯಾವ ರಸ್ತೆಯಲ್ಲಿ ಎಂದು ಬರೆದರೆ ಸರಿಯಾದ ದೀಪ ತರುತ್ತಾರೆ. ಬೆಳಿಗ್ಗೆಯ ಮಂಜೂ ಇದೇ ಸಾಲಿಗೆ ಸೇರಬೇಕು. ತುಂಗೆಯ ಪಕ್ಕದ ತಗ್ಗುಗಳಲ್ಲಿ ಅದು ದಟ್ಟವಾಗಿದ್ದಾಗ ಎದುರಿನ ಬಸ್ಸಿಗೆ ನೀವು ಕಾಣುವುದು ದೀಪದಿಂದ ಮಾತ್ರ.

ನೀರು, ಊಟದ ವಿಷಯಕ್ಕೆ ಉದ್ದನೆಯ ಪಟ್ಟಿ ಬೇಡ. ಎಲ್ಲಿ ಸಿಗುತ್ತದೆ ಎನ್ನುವುದಕ್ಕಿಂತ ಎಲ್ಲಿಂದ ಎಲ್ಲಿಯವರೆಗೆ ಸಿಗುವುದಿಲ್ಲ ಎನ್ನುವುದನ್ನು ಬರೆಯಿರಿ, ಅಂಗಡಿ ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತದೆ ಎಂಬುದನ್ನೂ. ಬೆಳಿಗ್ಗೆ ಏಳಕ್ಕೆ ಮುಚ್ಚಿರುವ ಹೋಟೆಲ್ ನಕ್ಷೆಯಲ್ಲಿದ್ದೂ ಪ್ರಯೋಜನವಿಲ್ಲ. ಸಂಘಟಕರು ಕೊಡುವುದೇನು, ಸವಾರ ಕೊಳ್ಳಬೇಕಾದದ್ದೇನು, ಇದು ಸ್ಪಷ್ಟವಾಗಿರಲಿ. "ರಿಫ್ರೆಶ್‌ಮೆಂಟ್ ಇರುತ್ತದೆ" ಎಂಬ ಮಾತಿನಲ್ಲಿ ಒಬ್ಬ ಎರಡು ಬಾಳೆಹಣ್ಣು ಕಾಣುತ್ತಾನೆ, ಇನ್ನೊಬ್ಬ ಬಾಳೆಲೆ ಊಟ. ಓಆರ್‌ಎಸ್ ಕೊಡುವುದಾದರೆ ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, 750 ಮಿ.ಲೀ. ಬಾಟಲಿಗೆ ಪೂರ್ತಿ ಸುರಿಯಬಾರದು ಎಂಬ ಒಂದು ಸಾಲು ಬೇಕು. ಗಟ್ಟಿಯಾದರೆ ಹೊಟ್ಟೆ ತೊಳಸುತ್ತದೆ.

ಸವಾರರು ಬಾಯಿ ಬಿಟ್ಟು ಕೇಳದ, ಆದರೆ ಎಲ್ಲಕ್ಕಿಂತ ಹೆಚ್ಚು ತಿಳಿಯಬಯಸುವ ಸಂಗತಿ ಇನ್ನೊಂದಿದೆ: ಆಗದಿದ್ದರೆ ಏನು? ಬಿಆರ್‌ಎಂ ಆದರೆ ಉತ್ತರ ಖಡಾಖಂಡಿತ. ನಿಮ್ಮ ದಾರಿ ನಿಮ್ಮದು, ಹಿಂದೆ ವಾಹನ ಇರುವುದಿಲ್ಲ, ನಿಮ್ಮವರ ಕಾರು ಕಂಟ್ರೋಲ್‌ಗಳಲ್ಲಿ ಮಾತ್ರ ನಿಮಗೆ ನೆರವಾಗಬಹುದು. ಬೇರೆ ರೈಡುಗಳಲ್ಲಿ "ಸಪೋರ್ಟ್ ವಾಹನ ಇದೆ" ಎಂದು ಬರೆದಿರುತ್ತಾರೆ. ಎಷ್ಟು ವಾಹನ? ಒಂದೇ ಪಿಕಪ್ ಆದರೆ, ಅದು 40 ಕಿ.ಮೀ. ಉದ್ದಕ್ಕೆ ಚದುರಿದ ಜನರ ನಡುವೆ ಎಲ್ಲೋ ಒಂದು ಕಡೆ ಇರುತ್ತದೆ. ಮಂಡಗದ್ದೆಯಲ್ಲಿ ನಿಂತವನು ಒಂದೂವರೆ ಗಂಟೆ ಕಾಯಬೇಕಾಗಬಹುದು. ಹಾಗೆಂದೇ ಬರೆಯಬೇಕು. ಅದರಲ್ಲಿ ಎಷ್ಟು ಸೈಕಲ್ ಹಿಡಿಯುತ್ತದೆ, ಕಟ್‌ಆಫ್ ದಾಟಿದವರನ್ನು ಹತ್ತಿಸಿಕೊಳ್ಳುತ್ತದೋ ಅಥವಾ ಪೆಟ್ಟಾದವರನ್ನು ಮಾತ್ರವೋ, ಇವೂ ಬೇಕು. ತೀರ್ಥಹಳ್ಳಿಯಲ್ಲಿ ಬಿಡುವವರಿಗೆ ಬಸ್ಸು ಸಿಗುತ್ತದೆ, ಆದರೆ ಸೈಕಲ್ಲನ್ನು ಟಾಪಿಗೆ ಹಾಕಿಕೊಳ್ಳುವುದು ಬಿಡುವುದು ಕಂಡಕ್ಟರ್ ಮನಸ್ಸಿನ ಮೇಲೆ. ಎರಡು ಮಾರು ಹಗ್ಗ, ಹಳೇ ಗೋಣಿಚೀಲ ಜೊತೆಗಿದ್ದರೆ ಆ ಮನಸ್ಸು ಬೇಗ ಕರಗುತ್ತದೆ.

ಕಾಡಿನ ನಡುವೆ ಮೊಬೈಲ್ ಸಿಗ್ನಲ್ ಕೈಕೊಡುವ ತುಂಡುಗಳನ್ನು ದಾರಿ ನೋಡಲು ಹೋದಾಗಲೇ ಗುರುತಿಸಿಕೊಳ್ಳಬೇಕು, ಎರಡು ಬೇರೆ ಕಂಪನಿಯ ಸಿಮ್ಮುಗಳಲ್ಲಿ. ಅಂಥ ಕಡೆ 108ಕ್ಕೆ ಕರೆ ಮಾಡಿ ಎನ್ನುವುದರಲ್ಲಿ ಅರ್ಥವಿಲ್ಲ. ಹತ್ತಿರದ ಮನೆ, ಬಸ್ ನಿಲ್ದಾಣ, ಅಂಗಡಿ ಯಾವ ಕಡೆಗೆ ಎಷ್ಟು ದೂರ ಎಂಬುದು ಆಗ ಕೆಲಸಕ್ಕೆ ಬರುತ್ತದೆ. ಸಣ್ಣ ಗಾಯಕ್ಕೆ ತೀರ್ಥಹಳ್ಳಿ, ದೊಡ್ಡದಕ್ಕೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಇದಿಷ್ಟು ಹಾಳೆಯ ಹಿಂಬದಿಯಲ್ಲಿ.

ಬೇರೆ ಹೆಚ್ಚಿನ ಕಡೆ ಬೇಕಾಗದ, ನಮ್ಮ ಮಲೆನಾಡಿನಲ್ಲಿ ತಪ್ಪದೆ ಬರೆಯಬೇಕಾದ ಒಂದು ಸಾಲಿದೆ: ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣುಗುಗಳಿಂದ ಹರಡುತ್ತದೆ, ಮತ್ತು ಅದರ ಕಾಲ ಡಿಸೆಂಬರಿನಿಂದ ಮೇವರೆಗೆ. ಅಂದರೆ ಮಳೆ ನಿಂತು, ರಸ್ತೆ ಒಣಗಿ, ನಾವೆಲ್ಲ ರೈಡ್ ಇಟ್ಟುಕೊಳ್ಳುವ ಕಾಲವೇ. ಡಾಂಬರಿನ ಮೇಲೆ ಹೋಗುವವರಿಗೆ ಅಪಾಯ ಕಡಿಮೆ. ಸುಸ್ತಾಗಿ ದಾರಿ ಪಕ್ಕದ ತರಗೆಲೆಯ ಮೇಲೆ ಬೆನ್ನು ಹಾಕುವವರು, ಮೂತ್ರಕ್ಕೆಂದು ಪೊದೆಯೊಳಗೆ ನುಗ್ಗುವವರು ಎಚ್ಚರವಾಗಿರಬೇಕು. ಬಟ್ಟೆ ಮುಚ್ಚದ ಕಾಲಿಗೆ ಡೇಪಾ ಎಣ್ಣೆಯಂಥ ಉಣುಗು ನಿವಾರಕ ಹಚ್ಚಿಕೊಳ್ಳಿ, ಮನೆಗೆ ಹೋದಮೇಲೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಡಿತದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಬರಬಹುದು. ಆ ಹೊತ್ತಿಗೆ ಸವಾರ ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುತ್ತಾನೆ. "ಮಲೆನಾಡಿನ ಕಾಡಿಗೆ ಹೋಗಿದ್ದೆ" ಎಂದು ವೈದ್ಯರಿಗೆ ಹೇಳಲು ಅವನಿಗೆ ನೆನಪಾಗುವುದು ಹಾಳೆಯಲ್ಲಿ ಓದಿದ್ದರೆ ಮಾತ್ರ. ಇದನ್ನು ಬರೆದರೆ ಜನ ಹೆದರಿ ಬರುವುದಿಲ್ಲ ಎಂಬ ವಾದ ನಮ್ಮೊಳಗೇ ಇತ್ತು. ಬರೆದೆವು, ನೋಂದಣಿಯೇನೂ ನಿಲ್ಲಲಿಲ್ಲ.

ಮಳೆಗಾಲದ ರೈಡಾದರೆ ಹಾಳೆಯೇ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ಘಾಟಿಯಲ್ಲಿ ಗುಡ್ಡ ಜರಿದರೆ ಸಂಚಾರ ನಿಲ್ಲುತ್ತದೆ, ಆ ದಿನ ಏನು ಮಾಡುತ್ತೀರಿ ಎಂಬುದು ಮೊದಲೇ ತೀರ್ಮಾನವಾಗಿರಬೇಕು: ದಿನ ಮುಂದಕ್ಕೋ, ದಾರಿ ಬದಲೋ, ದುಡ್ಡು ವಾಪಸ್ಸೋ. ರಿಮ್ ಬ್ರೇಕಿನವರಿಗೆ ಒಂದು ಎಚ್ಚರಿಕೆ ಬೇಕು. ಒದ್ದೆ ರಿಮ್ಮಿನಲ್ಲಿ ಹಿಡಿದ ಕೂಡಲೇ ಬ್ರೇಕ್ ಕಚ್ಚುವುದಿಲ್ಲ, ಗಾಲಿ ಒಂದೆರಡು ಸುತ್ತು ತಿರುಗಿ ನೀರು ಒರೆಸಿಹೋದ ಮೇಲೆ ಕಚ್ಚುತ್ತದೆ. ಹಾಗಾಗಿ ತಿರುವಿಗೆ ಮೊದಲೇ ಹಗುರವಾಗಿ ಹಿಡಿದಿರಬೇಕು. ಕೆಸರಿನ ಮರಳು ಸೇರಿದರೆ ಒಂದು ಘಾಟಿ ಇಳಿಯುವಷ್ಟರಲ್ಲಿ ಪ್ಯಾಡ್ ಕಣ್ಣಿಗೆ ಕಾಣುವಷ್ಟು ಸವೆಯುತ್ತದೆ. ಉಂಬಳದ ಬಗ್ಗೆ ಬರೆಯಬೇಕಿಲ್ಲ, ಅದು ತಾನೇ ಪರಿಚಯ ಮಾಡಿಕೊಳ್ಳುತ್ತದೆ.

ಹಳೇ ಹಾಳೆಯನ್ನೇ ತಾರೀಖು ಬದಲಿಸಿ ಕಳಿಸುವ ಚಾಳಿ ಎಲ್ಲರಿಗೂ ಇದೆ. ಸಾಗರದಿಂದ ಸಿಗಂದೂರಿಗೆ ಹೋಗುವ ರೈಡುಗಳಲ್ಲಿ ಮೊದಲೆಲ್ಲ ಶರಾವತಿ ಹಿನ್ನೀರು ದಾಟಿಸುವ ಲಾಂಚಿನ ಹೊತ್ತೇ ಮುಖ್ಯ ಮಾಹಿತಿ. ಇಡೀ ವೇಳಾಪಟ್ಟಿ ಅದರ ಸುತ್ತ ನಿಂತಿರುತ್ತಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಲೆಕ್ಕವೆಲ್ಲ ಬಿದ್ದುಹೋಯಿತು. ಹಾಳೆಯ ಮೂಲೆಯಲ್ಲಿ "ದಾರಿ ನೋಡಿದ ದಿನ" ಎಂದು ತಾರೀಖು ಹಾಕುವುದನ್ನು ನಾವು ಶುರುಮಾಡಿದ್ದು ಇಂಥವುಗಳಿಗಾಗಿಯೇ.

ನಾಲ್ಕು ದಿನ ಮೊದಲು ಹೋಗುವ ಎರಡನೇ ಕಂತಿನಲ್ಲಿ ಜಿಪಿಎಕ್ಸ್ ಫೈಲು, ಪಾರ್ಕಿಂಗ್, ನಂಬರ್ ಕೊಡುವ ಹೊತ್ತು, ಮತ್ತು ರಿಪೇರಿಯ ಸಾಮಾನು: ಎರಡು ಟ್ಯೂಬು, ಟೈರ್ ಲಿವರ್, ಪಂಪು, ಪ್ಯಾಚು, ಚೈನ್ ಲಿಂಕ್. ದಾರಿಯ ಪಂಕ್ಚರ್ ಅಂಗಡಿಯವರು ಕೈಲಾದಷ್ಟು ಮಾಡುತ್ತಾರೆ, ಆದರೆ ರೋಡ್ ಬೈಕಿನ 700ಸಿ ಅಳತೆಯ ಟ್ಯೂಬು ಸಿಗುತ್ತದೆಂದು ನಂಬಿ ಹೋಗಬೇಡಿ. ತೆಳು ಮೂತಿಯ ಪ್ರೆಸ್ಟಾ ವಾಲ್ವಿಗೆ ಅವರ ಕಂಪ್ರೆಸರಿನ ಮೂತಿ ಕೂರುವುದಿಲ್ಲ. ಬೆರಳ ತುದಿಯಷ್ಟಿನ ಹಿತ್ತಾಳೆ ಅಡಾಪ್ಟರ್ ಒಂದನ್ನು ವಾಲ್ವಿಗೇ ತಿರುಗಿಸಿ ಇಟ್ಟುಕೊಂಡಿದ್ದರೆ ಆಗುಂಬೆಯಲ್ಲೂ ಗಾಳಿ ಹಿಡಿಸಬಹುದು. ರೈಲಿನಲ್ಲಿ ಸೈಕಲ್ ತರುವವರಿಗೆ ಪಾರ್ಸೆಲ್ ಆಫೀಸಿನಲ್ಲಿ ಮೊದಲೇ ಬುಕ್ ಮಾಡಿಸಲು ಹೇಳುವುದೂ ಇದರಲ್ಲೇ, ಟೈರಿನ ಗಾಳಿ ಸ್ವಲ್ಪ ಇಳಿಸಿ, ಪೆಡಲ್ ಬಿಚ್ಚಿ, ಫ್ರೇಮಿಗೆ ರಟ್ಟು ಸುತ್ತಿ ಎನ್ನುವುದರ ಜೊತೆಗೆ.

ಕೊನೆಯದಾಗಿ, ವಾಟ್ಸ್‌ಆ್ಯಪಿನಲ್ಲಿ ಹೋದದ್ದನ್ನೆಲ್ಲ ಓದಿದ್ದಾರೆಂದು ತಿಳಿಯಬಾರದು. ಹೊರಡುವ ಜಾಗದಲ್ಲಿ ಒಂದು ಪುಟ್ಟ ಚೀಟಿ ಕೈಗೆ ಕೊಡುತ್ತೇವೆ, ಅಂಗೈ ಅಗಲದ್ದು. ಅದರಲ್ಲಿ ಮೂರು ಕಂಟ್ರೋಲ್ ಮುಚ್ಚುವ ಹೊತ್ತು, ಪಿಕಪ್ ಇರುವ ರೈಡಾದರೆ ಅದರ ಡ್ರೈವರಿನ ನಂಬರು, ಸಿಗ್ನಲ್ ಇಲ್ಲದ ಎರಡು ತುಂಡುಗಳ ಕಿ.ಮೀ. ಇಷ್ಟೇ. ಬೆವರಿಗೆ, ಮಂಜಿಗೆ ಇಂಕು ಹರಡುತ್ತದೆ. ಪೆನ್ಸಿಲ್ಲಿನಲ್ಲಿ ಬರೆದು, ಅಡಿಕೆಪುಡಿ ಮಾರುವ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಹ್ಯಾಂಡಲ್‌ಬಾರಿಗೆ ರಬ್ಬರ್‌ಬ್ಯಾಂಡಿನಿಂದ ಸುತ್ತಬೇಕು.